ಹಳೆಯ ಆಟಗಳಿಗೆ ಕಂಟ್ರೋಲರ್ ಕೊಳ್ಳುವವರೇ, ಕೌಂಟರ್ ಮೇಲಿನ ಸ್ಯಾಂಪಲ್ಲನ್ನು ನಂಬಬೇಡಿ

ಕಂಪ್ಯೂಟರಿನಲ್ಲಿ ಎಮ್ಯುಲೇಟರ್ (ಹಳೆಯ ಆಟದ ಯಂತ್ರಗಳನ್ನು ಅನುಕರಿಸುವ ತಂತ್ರಾಂಶ) ಹಾಕಿಕೊಂಡು ಕಾಂಟ್ರಾ, ಸ್ಟ್ರೀಟ್ ಫೈಟರ್‌ನಂತಹ ಹಳೆಯ ಆಟಗಳನ್ನು ಆಡಲು ಕಂಟ್ರೋಲರ್ ಹುಡುಕಿಕೊಂಡು ರಾಯಚೂರಿನ ಮಾರುಕಟ್ಟೆಗೆ ಬರುವವರು, ಅದರಲ್ಲೂ ಸಿಂಧನೂರು, ಮಾನ್ವಿ, ಲಿಂಗಸುಗೂರುಗಳಿಂದ ಬಸ್ಸು ಹತ್ತಿ ಬರುವವರು, ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕೌಂಟರ್ ಮೇಲೆ ಒಂದು ವಸ್ತುವನ್ನು ತೋರಿಸಿ, ಸೀಲು ಮಾಡಿದ ಪೆಟ್ಟಿಗೆಯಲ್ಲಿ ಇನ್ನೊಂದನ್ನು ಇಟ್ಟುಕೊಟ್ಟ ಅಂಗಡಿಯೊಂದಕ್ಕೆ ನಾನು 1,800 ರೂಪಾಯಿ ತೆತ್ತಿದ್ದೇನೆ. ಹಣ ಹೋದ ಸಿಟ್ಟು ಒಂದು ಕಡೆಗಿರಲಿ, ಕೇಳಲು ಹೋದಾಗ ನಾಲ್ಕು ಜನರ ಎದುರು ಸಿಕ್ಕ ಉತ್ತರಗಳ ಸಿಟ್ಟು ಇನ್ನೂ ಆರಿಲ್ಲ.

ಹಳೆಯ ಆಟಗಳಿಗೆ ಕಂಟ್ರೋಲರ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಡಿ-ಪ್ಯಾಡ್, ಅಂದರೆ ಎಡಗೈ ಹೆಬ್ಬೆರಳಿನ ಕೆಳಗಿರುವ ಪ್ಲಸ್ ಆಕಾರದ ಗುಂಡಿ. 1982ರಲ್ಲಿ ನಿಂಟೆಂಡೊ ಸಂಸ್ಥೆಯ ಗುನ್ಪೈ ಯೊಕೊಯಿ ಅವರು ಕೈಯಲ್ಲಿ ಹಿಡಿದು ಆಡುವ ಡಾಂಕಿ ಕಾಂಗ್ ಆಟಕ್ಕಾಗಿ ರೂಪಿಸಿದ ಈ ಗುಂಡಿಯ ಜಾಣ್ಮೆಯೆಲ್ಲ ಅದರ ನಡುವಿನ ಆಸರೆಯಲ್ಲಿದೆ. ಬಲಭಾಗವನ್ನು ಒತ್ತಿದರೆ ಎಡಭಾಗ ಮೇಲೇಳಬೇಕು, ಆಗ ಎರಡು ವಿರುದ್ಧ ದಿಕ್ಕುಗಳು ಒಟ್ಟಿಗೆ ತಾಗುವುದಿಲ್ಲ. ಅಗ್ಗದ ಕಂಟ್ರೋಲರ್‌ಗಳಲ್ಲಿ ಈ ಆಸರೆ ಗಿಡ್ಡವಾಗಿರುತ್ತದೆ ಅಥವಾ ಸಡಿಲವಾಗಿರುತ್ತದೆ, ಹಾಗಾಗಿ ಬಲಕ್ಕೆ ಒತ್ತಿದರೆ ಮೇಲಿನದೋ ಕೆಳಗಿನದೋ ಜೊತೆಯಲ್ಲೇ ಒತ್ತಿಹೋಗುತ್ತದೆ. ಕಾರು ಓಡಿಸುವ ಹೊಸ ಆಟಗಳನ್ನು ಸ್ಟಿಕ್ಕಿನಿಂದ, ಅಂದರೆ ಕಂಟ್ರೋಲರ್ ಮೇಲಿನ ಎಲ್ಲ ದಿಕ್ಕಿಗೂ ವಾಲುವ ಚಿಕ್ಕ ಕೋಲಿನಿಂದ, ಆಡುವವರಿಗೆ ಈ ದೋಷ ವರ್ಷಗಟ್ಟಲೆ ಗೊತ್ತಾಗದೇ ಇರಬಹುದು. ನಮ್ಮಂಥವರಿಗೆ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಇದೆಲ್ಲ ತಿಳಿದೇ ನಾನು ಅಂಗಡಿಗೆ ಹೋಗಿದ್ದೆ. ಹಳೆಯ ಆಟಗಳಿಗಾಗಿ ಬೇಕು, ಡಿ-ಪ್ಯಾಡ್ ಚೆನ್ನಾಗಿರಬೇಕು ಎಂದು ಬಾಯಿಬಿಟ್ಟು ಹೇಳಿದ್ದೆ. ಕೌಂಟರ್ ಮೇಲಿದ್ದ ಸ್ಯಾಂಪಲ್ಲನ್ನು ಅಂಗಡಿಯವರೇ ನನ್ನ ಕೈಗೆ ಕೊಟ್ಟರು. ಗುಂಡಿ ಗಟ್ಟಿಯಾಗಿತ್ತು, ಒಂದು ಬದಿ ಇಳಿದರೆ ಇನ್ನೊಂದು ಬದಿ ಸ್ಪಷ್ಟವಾಗಿ ಏಳುತ್ತಿತ್ತು. ತಮ್ಮ ಕಂಪ್ಯೂಟರಿಗೆ ಅದನ್ನು ಜೋಡಿಸಿ, "ಎಲ್ಲಾ ಗೇಮ್ ನಡೀತಾವ್ರಿ ಸರ್, ಹಳೇವು ಹೊಸಾವು ಯಾವ್ದು ಬೇಕಾದ್ರೂ ಆಡ್ರಿ" ಎಂದರು. ಪರದೆಯ ಮೇಲೆ ಅದರ ಹೆಸರು ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಎಂದು ಬಂತು. ತಿಳಿಯದವರಿಗಾಗಿ ಹೇಳುತ್ತೇನೆ, ಎಕ್ಸ್‌ಬಾಕ್ಸ್ 360 ಎಂದರೆ ಮೈಕ್ರೋಸಾಫ್ಟ್‌ನ ಆಟದ ಯಂತ್ರ; ಕಂಟ್ರೋಲರ್ ವಿಂಡೋಸ್ ಜೊತೆ ಮಾತಾಡುವ ಎಕ್ಸ್‌ಇನ್‌ಪುಟ್ ಎಂಬ ಪದ್ಧತಿಯಲ್ಲಿ ಕೆಲಸ ಮಾಡುವ ಬಹಳಷ್ಟು ಕಂಟ್ರೋಲರ್‌ಗಳನ್ನು ವಿಂಡೋಸ್ ಆ ಹೆಸರಿನಿಂದಲೇ ಗುರುತಿಸುತ್ತದೆ, ಎಮ್ಯುಲೇಟರ್‌ಗಳೂ ಅದರ ಗುಂಡಿಗಳನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತವೆ. ನನಗೆ ಬೇಕಾದದ್ದೂ ಅದೇ ಆಗಿತ್ತು. ಹಣ ಕೊಟ್ಟ ಮೇಲೆ ಹುಡುಗನೊಬ್ಬ ಒಳಗಿನಿಂದ ಸೀಲು ಮಾಡಿದ ಪೆಟ್ಟಿಗೆಯನ್ನು ತಂದುಕೊಟ್ಟ. ಪೆಟ್ಟಿಗೆಯ ಮೇಲೆ ಅದೇ ಚಿತ್ರವಿತ್ತು, ಅದೇ ಬರಹವಿತ್ತು.

ಮನೆಯಲ್ಲಿ ರೆಟ್ರೋಆರ್ಚ್ ಎಂಬ ಎಮ್ಯುಲೇಟರ್ ತಂತ್ರಾಂಶ ತೆರೆದು ಕಾಂಟ್ರಾ ಹಚ್ಚಿದರೆ, ಬಲಕ್ಕೆ ಓಡುವ ಸೈನಿಕ ನೇರವಾಗಿ ಗುಂಡು ಹಾರಿಸುವ ಬದಲು ಒಮ್ಮೆ ಓರೆಯಾಗಿ ಆಕಾಶಕ್ಕೆ, ಒಮ್ಮೆ ಓರೆಯಾಗಿ ನೆಲಕ್ಕೆ ಹಾರಿಸತೊಡಗಿದ. ಸ್ಟ್ರೀಟ್ ಫೈಟರ್‌ನಲ್ಲಿ ಮುಂದೆ ನಡೆ ಎಂದರೆ ನನ್ನ ಹೋರಾಟಗಾರ ಎಗರುತ್ತಿದ್ದ, ಏಕೆಂದರೆ ಆ ಆಟದಲ್ಲಿ ಮೇಲಿನ ದಿಕ್ಕೆಂದರೆ ಜಿಗಿತ. ಎಮ್ಯುಲೇಟರ್‌ನಲ್ಲೇ ಏನಾದರೂ ತಪ್ಪಿದೆಯೇ ಎಂಬ ಶಂಕೆ ಉಳಿಯದಿರಲೆಂದು ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ ಜಾಯ್ ಡಾಟ್ ಸಿಪಿಎಲ್ (joy.cpl) ಎಂದು ಬರೆದು ಕಂಟ್ರೋಲರ್ ಪರೀಕ್ಷೆಯ ಕಿಟಕಿಯನ್ನು ತೆರೆದೆ. ಅಲ್ಲಿ ಎಕ್ಸ್‌ಬಾಕ್ಸ್ ಎಂಬ ಹೆಸರೇ ಇರಲಿಲ್ಲ, ಬರೀ ಯುಎಸ್‌ಬಿ ಗೇಮ್‌ಪ್ಯಾಡ್ ಎಂದಿತ್ತು. ಬಲಭಾಗವನ್ನಷ್ಟೇ ಒತ್ತಿದರೂ ದಿಕ್ಕು ತೋರಿಸುವ ಬಾಣ ಮೂಲೆಗೆ ಹೊರಳುತ್ತಿತ್ತು. ಅದನ್ನು ನೋಡಿದ ಕ್ಷಣವೇ ನನಗೆ ಅರ್ಥವಾಯಿತು: ಅಂಗಡಿಯಲ್ಲಿ ನಾನು ಹಿಡಿದು ನೋಡಿದ ವಸ್ತು ಇದಲ್ಲ. ಚಿತ್ರ ಒಂದೇ, ಬಣ್ಣ ಒಂದೇ, ಒಳಗಿರುವುದು ಬೇರೆ.

ಮರಳಿ ಅಂಗಡಿಗೆ ಹೋದಾಗ ಸ್ಯಾಂಪಲ್ ಇನ್ನೂ ಅಲ್ಲೇ ಇತ್ತು. ನನ್ನದನ್ನು ಅದರ ಪಕ್ಕದಲ್ಲಿಟ್ಟು ಎರಡರ ಗುಂಡಿಗಳನ್ನೂ ಒತ್ತಿ ತೋರಿಸಿದೆ, ಎರಡನ್ನೂ ಅವರದೇ ಕಂಪ್ಯೂಟರಿಗೆ ಜೋಡಿಸಲು ಹೇಳಿದೆ. ಒಂದಕ್ಕೆ ಎಕ್ಸ್‌ಬಾಕ್ಸ್ ಹೆಸರು ಬಂತು, ನನ್ನದಕ್ಕೆ ಬರಲಿಲ್ಲ. ಇದಕ್ಕಿಂತ ಸಾಕ್ಷಿ ಬೇಕೇ? ಅವರು ಪರದೆಯನ್ನು ಸರಿಯಾಗಿ ನೋಡಲೂ ಇಲ್ಲ. "ಬಾಕ್ಸ್ ಒಂದೇ ಅದ ನೋಡ್ರಿ, ಫೋಟೋ ಒಂದೇ ಅದ, ಒಳಗಿನ ಮಾಲು ಕಂಪನಿಯವ್ರು ಬದ್ಲಿ ಮಾಡಿದ್ರ ನಾವೇನ್ ಮಾಡ್ಬೇಕ್ರಿ?" ಎಂದರು. ಹಾಗಾದರೆ ಈ ಸ್ಯಾಂಪಲ್ಲನ್ನೇ ಕೊಡಿ ಎಂದೆ. "ಅದು ಡೆಮೋ ಪೀಸ್ ಸರ್, ಕೊಡಂಗಿಲ್ಲ." ಹಣ ವಾಪಸು ಕೊಡಿ ಎಂದೆ. "ಸೀಲ್ ಒಡದ ಮ್ಯಾಲ ವಾಪಸ್ ಇಲ್ರಿ, ಬಿಲ್ಲಿನ್ಯಾಗ ಬರದದ ನೋಡ್ರಿ." ಸೀಲು ಒಡೆಯದೆ ಒಳಗಿರುವುದು ಬೇರೆಯದು ಎಂದು ತಿಳಿಯುವುದಾದರೂ ಹೇಗೆ? ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದೆ, ಉತ್ತರವೇ ಬರಲಿಲ್ಲ. ಕೊನೆಗೆ ಬಂದ ಮಾತು ಇದು: "ಸಣ್ಣ ಹುಡುಗ್ರು ಆಡೋ ಗೇಮಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ ಸರ್?" ಪಕ್ಕದಲ್ಲಿ ಪ್ರಿಂಟರ್ ಇಂಕು ಕೊಳ್ಳಲು ನಿಂತಿದ್ದವರು ನಕ್ಕರು. ನನ್ನ ಮುಖ ಕೆಂಪಾಯಿತು, ಮಾತು ನಿಂತುಹೋಯಿತು. ಮೋಸ ಮಾಡಿದವರು ನಿರಾಳವಾಗಿ ನಿಂತಿದ್ದರು, ಮೋಸಹೋದ ನಾನು ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದೆ. ಯಾವ ವಯಸ್ಸಿನವರು ಯಾವ ಆಟ ಆಡಬೇಕೆಂದು ಹೇಳಲು ಅವರು ಯಾರು? ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿ ಕ್ಯಾಸೆಟ್ ಹಾಕಿ ಆಡಿದ ಆಟಗಳನ್ನು ಇಂದು ಮಕ್ಕಳಿಗೆ ಕಲಿಸಬೇಕೆಂಬ ಆಸೆ ನನ್ನದು. ಅದು ನನಗೆ ಸಣ್ಣ ವಿಷಯವಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಎ ಒತ್ತಿದರೆ ಬಿ ಕೆಲಸ ಮಾಡುತ್ತದೆ ಎಂಬುದು ದೋಷವಲ್ಲ. ನಿಂಟೆಂಡೊ ಮತ್ತು ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳಲ್ಲಿ ಆ ಎರಡು ಅಕ್ಷರಗಳ ಜಾಗ ಅದಲುಬದಲಾಗಿದೆ, ಎಮ್ಯುಲೇಟರ್‌ನಲ್ಲಿ ಬದಲಿಸಿಕೊಳ್ಳಬಹುದು. ಅದಕ್ಕಾಗಿ ಯಾರೂ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಹಾಗೆಯೇ ಸೆಗಾ ಮೆಗಾ ಡ್ರೈವ್ ಎಂಬ ಹಳೆಯ ಆಟದ ಯಂತ್ರದ ಆರು ಗುಂಡಿಯ ಆಟಗಳನ್ನೇ ಹೆಚ್ಚು ಆಡುವವರು ಬಲಗಡೆ ಆರು ಗುಂಡಿಗಳಿರುವುದನ್ನು ಹುಡುಕಲಿ. ನಿಂಟೆಂಡೊ 64 ಯಂತ್ರದ ಆಟಗಳಿಗೆ ಸ್ಟಿಕ್ಕು ಇರಲೇಬೇಕು. ಅದಕ್ಕಿಂತ ಹಿಂದಿನ ಬಹುತೇಕ ಆಟಗಳಿಗೆ ಒಳ್ಳೆಯ ಡಿ-ಪ್ಯಾಡ್ ಇದ್ದರೆ ಸಾಕು, ದೀಪ, ಕಂಪನ, ವೈರ್‌ಲೆಸ್ ಎಂದು ಅಂಗಡಿಯವರು ಹೊಗಳುವ ಯಾವುದೂ ಬೇಡ. ಈ ಆಟಗಳಲ್ಲಿ ಸೆಕೆಂಡಿಗೆ ಸುಮಾರು 60 ಚಿತ್ರಗಳು ಸಾಗುತ್ತವೆ, ಅಂದರೆ ಒಂದು ಚಿತ್ರಕ್ಕೆ ಸಿಗುವುದು 16.7 ಮಿಲಿಸೆಕೆಂಡ್, ಅಗ್ಗದ ವೈರ್‌ಲೆಸ್‌ನ ತಡ ಅಲ್ಲಿ ಕೈಗೆ ತಿಳಿಯುತ್ತದೆ. ವೈರು ಇರುವುದನ್ನೇ ಕೊಳ್ಳಿ.

ಲ್ಯಾಪ್‌ಟಾಪ್ ಇದ್ದರೆ ಜೊತೆಗೆ ಒಯ್ಯಿರಿ. ಹಣ ಕೊಡುವ ಮೊದಲೇ, ನಿಮಗೆ ಕೊಡಲಿರುವ ಪೆಟ್ಟಿಗೆಯ ಸೀಲನ್ನು ಅವರ ಕೈಯಿಂದಲೇ ಒಡೆಸಿ, ಅದೇ ಕಂಟ್ರೋಲರ್ ಜೋಡಿಸಿ, ಮೇಲೆ ಹೇಳಿದ ಪರೀಕ್ಷೆಯ ಕಿಟಕಿ ತೆರೆದು, ಬಲಕ್ಕೆ ಒತ್ತಿಹಿಡಿದು ಹೆಬ್ಬೆರಳನ್ನು ಸ್ವಲ್ಪ ಮೇಲೆ ಕೆಳಗೆ ಹೊರಳಿಸಿ ನೋಡಿ. ಸಣ್ಣ ಹೊರಳಿಕೆಗೇ ಬಾಣ ಮೂಲೆಗೆ ಓಡಿದರೆ ಅಲ್ಲಿಂದ ಎದ್ದು ಬನ್ನಿ. ಒಡೆಯುವುದಿಲ್ಲ ಎಂದರೂ ಎದ್ದು ಬನ್ನಿ.

ವಾಪಸಿಲ್ಲ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ಬರೆಸಿದ್ದೇನೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ, ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ಆದರೆ ನನ್ನ ಬಿಲ್ಲಿನಲ್ಲಿ ಮಾದರಿಯ ಹೆಸರಿಲ್ಲ, "ಗೇಮ್ ರಿಮೋಟ್ 1" ಎಂದಷ್ಟೇ ಗೀಚಿದ್ದಾರೆ, ಅದನ್ನೂ ಬೇಕೆಂದೇ ಮಾಡಿದ್ದಾರೆಂದು ಈಗ ಅನ್ನಿಸುತ್ತಿದೆ. ನೀವು ಮಾದರಿಯ ಹೆಸರು, ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ, ಸ್ಯಾಂಪಲ್ಲಿನ ಹಿಂಬದಿಯ ಸ್ಟಿಕ್ಕರಿನ ಫೋಟೋ ತೆಗೆದಿಟ್ಟುಕೊಳ್ಳಿ. ಆ ಜಗಳದ ಮರುವಾರ ನಾನು ಫೋಟೋ ತೆಗೆಯಲೆಂದು ಆ ಅಂಗಡಿಯ ಮುಂದೆ ಹೋದಾಗ ಕೌಂಟರ್ ಮೇಲೆ ಸ್ಯಾಂಪಲ್ ಇರಲಿಲ್ಲ.