ನೆಲಬೇವಿನ ಸಾರದ ಪರೀಕ್ಷೆ: ಅಗರ್ ತಟ್ಟೆಯೋ, 96 ಗುಳಿಗಳ ಫಲಕವೋ?

ನೆಲಬೇವಿನ ಸಾರ ಬ್ಯಾಕ್ಟೀರಿಯಾವನ್ನು ತಡೆಯುತ್ತದೆಯೇ ಎಂದು ನೋಡಹೊರಟ ವಿದ್ಯಾರ್ಥಿಗೆ ದಾರಿ ಎರಡು. ಬ್ಯಾಕ್ಟೀರಿಯಾ ಬೆಳೆಸುವ, ಲೋಳೆಯಂತೆ ಗಟ್ಟಿಯಾದ ಅಗರ್ ತುಂಬಿದ ತಟ್ಟೆ ಅಗ್ಗ. ಸಾರ ಹಾಕಿದ ಗುಳಿಯ ಸುತ್ತ ಮರುದಿನ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ಉಂಗುರ ಕಂಡರೆ ಮನಸ್ಸು ಹಿಗ್ಗುತ್ತದೆ. ಆದರೆ ಆ ಉಂಗುರವನ್ನು ನಂಬಿ ಎರಡು ಗಿಡಗಳನ್ನು ತೂಗಬೇಡಿ. ನೀರಿನಲ್ಲಿ ಕರಗದ, ಎಣ್ಣೆಯಂಥ ಅಂಶಗಳು ಅಗರ್‌ನಲ್ಲಿ ಹರಡುವುದೇ ಕಷ್ಟ. ಒಳ್ಳೆಯ ಗಿಡವೂ ಸೋತಂತೆ ಕಾಣುತ್ತದೆ.

ಎರಡನೆಯ ದಾರಿಯಾದ 96 ಪುಟ್ಟ ಗುಳಿಗಳ ಫಲಕದಲ್ಲಿ ಸಾರವನ್ನು ಗುಳಿಯಿಂದ ಗುಳಿಗೆ ಅರ್ಧಕ್ಕೆ ಇಳಿಸುತ್ತಾ ಹೋಗುತ್ತೇವೆ. ಬೆಳವಣಿಗೆಯನ್ನು ತಡೆದ ಕನಿಷ್ಠ ಪ್ರಮಾಣ ಅಂಕಿಯಲ್ಲೇ ಸಿಗುತ್ತದೆ. ಸಾರದ ಕಡುಹಸಿರು ಕಣ್ಣಿಗೆ ಅಡ್ಡ ಬಂದರೆ ರೆಸಝುರಿನ್ ಎಂಬ ನೀಲಿ ಬಣ್ಣದ ಪುಡಿಯ ದ್ರಾವಣ ಹಾಕಿ: ಬ್ಯಾಕ್ಟೀರಿಯಾ ಬದುಕಿದ್ದರೆ ನೀಲಿ ಬಣ್ಣ ಗುಲಾಬಿಗೆ ತಿರುಗುತ್ತದೆ.

ಮೊದಲ ಜರಡಿಗೆ ತಟ್ಟೆ ಸಾಕು. ಪ್ರಬಂಧ ಬರೆಯುವುದಾದರೆ ಫಲಕವನ್ನೇ ಆರಿಸಿಕೊಳ್ಳಿ. ಯಾವುದಾದರೂ ಸರಿ, ಸಾರ ತೆಗೆಯಲು ಬಳಸಿದ ದ್ರಾವಕವನ್ನಷ್ಟೇ (ಎಥನಾಲ್‌ನಂಥ ದ್ರವ) ಹಾಕಿದ ಒಂದು ಗುಳಿ ಇರಲೇಬೇಕು. ಸಾರದಲ್ಲಿ ಉಳಿದ ಎಥನಾಲ್ ತಾನೇ ಬ್ಯಾಕ್ಟೀರಿಯಾವನ್ನು ಕೊಂದಿರಬಹುದು.