ತೋಟದ ಆಫೀಸಿನ ಮೇಜಿಗೆ ಟ್ರ್ಯಾಕ್‌ಬಾಲೇ ಸರಿ

ವಿರಾಜಪೇಟೆ ಕಡೆಯ ನಮ್ಮ ಕಾಫಿ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಬಟವಾಡೆ, ಚೆರ್ರಿ ಅಂದರೆ ಕಾಫಿ ಹಣ್ಣಿನ ಚೀಲಗಳ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲೇ. ಆ ಮೇಜಿನ ಮೇಲೆ ಮೂರು ಬಗೆಯ ಮೌಸ್ ಬಳಸಿ ನೋಡಿದ್ದೇನೆ.

ಮೊದಲಿನದು ಚೆಂಡಿನ ಮೌಸ್. ಅಮೆರಿಕದ ಇಂಜಿನಿಯರ್ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ, 1964ರಲ್ಲಿ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಮಾಡಿದ ಮೌಸಿನ ಮೂಲ ಮಾದರಿಯಲ್ಲಿ ಚೆಂಡೇ ಇರಲಿಲ್ಲ. ಮರದ ಡಬ್ಬಿ, ಅದರಡಿ ಅಡ್ಡಕ್ಕೊಂದು ಉದ್ದಕ್ಕೊಂದು ಚಕ್ರ, ಅಷ್ಟೇ. ಪರದೆಗೇ ಹಿಡಿದು ತೋರಿಸುವ ಲೈಟ್ ಪೆನ್, ಜಾಯ್‌ಸ್ಟಿಕ್, ಮೊಣಕಾಲಿನಿಂದ ನಡೆಸುವ ಸಾಧನ, ಇವುಗಳ ಜೊತೆ ಅದನ್ನೂ ಪರೀಕ್ಷೆಗಿಟ್ಟಾಗ ಪಳಗಿದವರ ಕೈಯಲ್ಲಿ ಮೌಸೇ ಗೆದ್ದಿತು. ಮುಂದೆ ಚಕ್ರಗಳ ಜಾಗಕ್ಕೆ ಚೆಂಡು ಬಂತು. ಒಳ್ಳೆಯ ವಿನ್ಯಾಸವೇ, ಆದರೆ ಕೊಡಗಿನ ಮಳೆಗಾಲಕ್ಕೆ ಆಗಿಬರುವುದಿಲ್ಲ. ಚೆಂಡು ಮೇಜಿನ ತೇವವನ್ನೂ ಧೂಳನ್ನೂ ಒಳಗೆಳೆದು ರೋಲರ್ ಸುತ್ತ ಕಪ್ಪು ಪಟ್ಟಿ ಕಟ್ಟಿಸುತ್ತದೆ. ಅದನ್ನು ಉಗುರಿನಿಂದ ಕೆರೆದು ತೆಗೆಯುವವರೆಗೂ ಪರದೆಯ ಮೇಲಿನ ಬಾಣ ತಡವರಿಸುತ್ತಲೇ ಇರುತ್ತದೆ.

ಎರಡನೆಯದು, ಬೆಳಕಿನಿಂದ ಕೆಲಸ ಮಾಡುವ ಆಪ್ಟಿಕಲ್ ಮೌಸ್. ಅದಕ್ಕೆ ಆ ಕಾಟವಿಲ್ಲ. ಹೊಟ್ಟೆಯಲ್ಲಿರುವ ಪುಟ್ಟ ಕ್ಯಾಮೆರಾ ಮೇಜಿನ ಮೈಯನ್ನು ಸೆಕೆಂಡಿಗೆ ಸಾವಿರಾರು ಸಲ ಚಿತ್ರ ತೆಗೆದು, ಎಷ್ಟು ಸರಿಯಿತೆಂದು ಹೋಲಿಸಿ ನೋಡುತ್ತದೆ. 1999ರಲ್ಲಿ ಮೈಕ್ರೋಸಾಫ್ಟ್ ತಂದ ಮಾದರಿಯ ನಂತರ ಇದೇ ಮನೆಮಾತಾಯಿತು. ನಮ್ಮ ಮೇಜಿನ ಮೇಲೆ ಮಾತ್ರ ದಪ್ಪ ಗಾಜಿದೆ, ಅದರಡಿ ಕ್ಯಾಲೆಂಡರ್, ಫೋನ್ ನಂಬರಿನ ಚೀಟಿಗಳು. ಗಾಜಿನ ಮೇಲೆ ಬಾಣ ಒಮ್ಮೆ ನೆಗೆಯುತ್ತದೆ, ಒಮ್ಮೆ ನಿಂತೇಬಿಡುತ್ತದೆ. ಪ್ಯಾಡ್ ಹಾಸಿದರೆ ಸರಿಹೋಗುತ್ತದೆ ನಿಜ, ಆದರೆ ಬಟವಾಡೆ ದಿನ ಲೆಡ್ಜರು, ವೋಚರು, ಸ್ಯಾಂಪಲ್ ತಟ್ಟೆಗಳ ನಡುವೆ ಪ್ಯಾಡಿಗೆ ಜಾಗವೆಲ್ಲಿ?

ಟ್ರ್ಯಾಕ್‌ಬಾಲಿಗೆ ಜಾಗವೇ ಬೇಡ. ಡಬ್ಬಿ ಕೂತಲ್ಲೇ ಕೂತಿರುತ್ತದೆ, ಬೆರಳು ಚೆಂಡನ್ನು ಉರುಳಿಸುತ್ತದೆ. ವಯಸ್ಸಿನಲ್ಲಿ ಇದು ಮೌಸಿಗೂ ಹಿರಿಯ: 1946ರಲ್ಲೇ ರಾಲ್ಫ್ ಬೆಂಜಮಿನ್ ಬ್ರಿಟಿಷ್ ನೌಕಾಪಡೆಯ ರೇಡಾರ್ ಕೆಲಸಕ್ಕಾಗಿ ಇದನ್ನು ರೂಪಿಸಿದ್ದರು. ಇದಕ್ಕೂ ಕೊಳೆ ಹಿಡಿಯುತ್ತದೆ. ಆದರೆ ಚೆಂಡು ಎತ್ತಿ, ಅದು ಕೂರುವ ಮೂರು ಪುಟ್ಟ ಗುಂಡುಗಳನ್ನು ಒಣಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಚೆಕ್‌ರೋಲಿನ ಉದ್ದ ಹಾಳೆಯಲ್ಲಿ ಅತ್ತಿಂದಿತ್ತ ಓಡಾಡುವಾಗ ಮಣಿಕಟ್ಟಿಗೆ ಸಿಗುವ ಆರಾಮ ದೊಡ್ಡದು. ಹಿಡಿದು ಎಳೆಯುವ ಕೆಲಸಕ್ಕೆ ಮಾತ್ರ ಸ್ವಲ್ಪ ಪಳಗಬೇಕು.

ಕೊಳ್ಳುವವರು ಹೆಬ್ಬೆರಳಿನಿಂದ ಉರುಳಿಸುವುದನ್ನು ಬಿಟ್ಟು ನಡುಬೆರಳುಗಳಿಂದ ಉರುಳಿಸುವ ದೊಡ್ಡ ಚೆಂಡಿನದನ್ನೇ ಕೇಳಿ. ದಿನವಿಡೀ ಕೂತರೆ ಹೆಬ್ಬೆರಳಿನ ಬುಡ ನೋಯುತ್ತದೆ.