ಚಂದಾ ಕಟ್ಟಿದ ಹಾಡು, ಕೊಂಡುಕೊಂಡ ಹಾಡು: ಬ್ಯಾಂಡ್‌ಕ್ಯಾಂಪ್ ಅಂಗಡಿಯ ವಿಮರ್ಶೆ

ಹಾಡನ್ನು ಫೈಲ್ ರೂಪದಲ್ಲಿ ಮಾರುವ ಅಂತರಜಾಲದ ಅಂಗಡಿಗಳಲ್ಲಿ ಇಂದಿಗೂ ವ್ಯಾಪಾರ ನಡೆಸುತ್ತಿರುವವು ಹೆಚ್ಚಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2008ರಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಅಂಥವುಗಳಲ್ಲಿ ಒಂದು. ಇಲ್ಲಿ ಸಂಗೀತಗಾರರು ಅಥವಾ ಸಣ್ಣ ಲೇಬಲ್‌ನವರು ತಾವೇ ಪುಟ ತೆರೆದು, ತಾವೇ ಬೆಲೆ ಕಟ್ಟಿ, ಆಲ್ಬಮ್‌ಗಳನ್ನು ಕೇಳುಗರಿಗೆ ನೇರವಾಗಿ ಮಾರುತ್ತಾರೆ. ಕೆಲವು ವರ್ಷಗಳಿಂದ ನಾನು ಇಲ್ಲಿ ಕೊಳ್ಳುತ್ತಿದ್ದೇನೆ. ಜೊತೆಗೆ ತಿಂಗಳ ಚಂದಾ ಸೇವೆಯೊಂದನ್ನೂ ಬಿಡದೆ ಇಟ್ಟುಕೊಂಡಿದ್ದೇನೆ. ಆದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಸಾಧ್ಯವಾಗಿದೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಶಾಸ್ತ್ರೀಯ ಸಂಗೀತ, ಸ್ವತಂತ್ರ ಬ್ಯಾಂಡ್‌ಗಳು ಮತ್ತು ಹಳೆಯ ಧ್ವನಿಮುದ್ರಣಗಳ ಮರುಬಿಡುಗಡೆಗಳನ್ನು ಹುಡುಕಿಕೊಂಡು ಬರುವವರಿಗೆ ಇದಕ್ಕಿಂತ ಒಳ್ಳೆಯ ಅಂಗಡಿ ನನಗೆ ಗೊತ್ತಿಲ್ಲ. ಕನ್ನಡ ಚಿತ್ರಗೀತೆ, ಭಾವಗೀತೆಗಳನ್ನು ಕೊಂಡು ಕಾಪಿಟ್ಟುಕೊಳ್ಳಬೇಕೆಂದು ಬರುವವರು ಮಾತ್ರ ಬಹುಮಟ್ಟಿಗೆ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಚಂದಾ ಕಟ್ಟಿದರೆ ಕೋಟಿಗಟ್ಟಲೆ ಹಾಡು ಸಿಗುವಾಗ ಒಂದೊಂದೇ ಆಲ್ಬಮ್ಮನ್ನು ದುಡ್ಡು ಕೊಟ್ಟು ಕೊಳ್ಳುವುದೇಕೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲೇ ನಡೆದದ್ದನ್ನು ನೆನಪಿಸಿಕೊಂಡರೆ ಸಾಕು. ಅನಿವಾಸಿ ಭಾರತೀಯರಲ್ಲಿ ಒಂದು ಕಾಲಕ್ಕೆ ಬಹಳ ಬಳಕೆಯಲ್ಲಿದ್ದ ಧಿಂಗಾನಾ ಎಂಬ ಸಂಗೀತ ಸೇವೆ 2014ರಲ್ಲಿ ನಿಂತಿತು. ಅದನ್ನು ಕೊಂಡ ಆರ್ಡಿಯೋ ಕಂಪನಿ ಮರುವರ್ಷವೇ ದಿವಾಳಿಯಾಯಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರ ಕೊನೆಗೆ ಮುಚ್ಚಿತು, ರೆಸ್ಸೋ 2024ರ ಜನವರಿಯಲ್ಲಿ ಭಾರತದಿಂದ ಹೊರಟಿತು, ಅದೇ ವರ್ಷ ಏರ್‌ಟೆಲ್ ತನ್ನ ವಿಂಕ್ ಅನ್ನೂ ನಿಲ್ಲಿಸುವುದಾಗಿ ಪ್ರಕಟಿಸಿತು. ಪ್ರತಿ ಸಲವೂ ಕೇಳುಗರು ವರ್ಷಗಟ್ಟಲೆ ಆರಿಸಿ ಜೋಡಿಸಿದ್ದ ಪಟ್ಟಿಗಳು ಒಂದೋ ಕಳೆದುಹೋದವು, ಇಲ್ಲವೇ ಹೊಸ ಸೇವೆಗೆ ಅರೆಬರೆಯಾಗಿ ಸಾಗಿದವು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಫ್ಲಿಪ್‌ಕಾರ್ಟ್‌ನ ಫ್ಲೈಟ್. 2012ರ ಫೆಬ್ರುವರಿಯಲ್ಲಿ ತೆರೆದು 2013ರ ಜೂನ್‌ನಲ್ಲಿ ಮುಚ್ಚಿದ ಆ ಅಂಗಡಿ, ನಕಲು ಮಾಡದಂತೆ ತಡೆಯುವ ಯಾವ ಬೀಗಮುದ್ರೆಯೂ ಇಲ್ಲದ ಎಂಪಿ3 ಫೈಲ್‌ಗಳನ್ನು ಮಾರುತ್ತಿತ್ತು. ಅಂಗಡಿ ಒಂದೂವರೆ ವರ್ಷವೂ ಬಾಳಲಿಲ್ಲ, ಆದರೆ ಅಲ್ಲಿ ಕೊಂಡ ಹಾಡುಗಳು ಕೊಂಡವರ ಹಾರ್ಡ್ ಡಿಸ್ಕ್‌ನಲ್ಲಿ ಈಗಲೂ ಹಾಡುತ್ತವೆ.

ಸೇವೆ ಮುಚ್ಚದಿದ್ದರೂ ಹಾಡು ಉಳಿಯುತ್ತದೆಂಬ ಖಾತರಿಯಿಲ್ಲ. ಸ್ಪಾಟಿಫೈ 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದಾಗಲೇ ವಾರ್ನರ್ ಸಂಗೀತ ಸಂಸ್ಥೆಯೊಂದಿಗೆ ಹಕ್ಕುಗಳ ವ್ಯಾಜ್ಯ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತ್ತು. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್‌ನೊಂದಿಗಿನ ಒಪ್ಪಂದ ಮುರಿದುಬಿದ್ದು ಅದರ ಹಾಡುಗಳೆಲ್ಲ ಕೆಲಕಾಲ ಮಾಯವಾದವು. ಚಂದಾದಾರರಿಗೆ ಕಂಡದ್ದು ಪಟ್ಟಿಯಲ್ಲಿ ಬೂದುಬಣ್ಣಕ್ಕೆ ತಿರುಗಿದ ಸಾಲುಗಳಷ್ಟೆ. ಇಂಥ ಸೇವೆಗಳಲ್ಲಿ ‘ಡೌನ್‌ಲೋಡ್’ ಎಂಬ ಗುಂಡಿಯೂ ಇರುತ್ತದೆ, ಆದರೆ ಅದು ಇಳಿಸಿಕೊಡುವುದು ಆ ಆ್ಯಪ್‌ನ ಹೊರಗೆ ತೆರೆಯದ, ಮೂವತ್ತು ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಬಂದು ಹಾಜರಿ ಹಾಕದಿದ್ದರೆ ನಿಂತುಹೋಗುವ ಪ್ರತಿಯನ್ನು.

ಹಣ ಯಾರಿಗೆ ಸೇರುತ್ತದೆ ಎಂಬ ವಿಷಯ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ತಿಂಗಳಿಡೀ ನೀವು ಧಾರವಾಡದ ಒಬ್ಬ ಯುವ ಸಿತಾರ್ ವಾದಕರನ್ನೇ ಕೇಳಿದಿರೆಂದು ಇಟ್ಟುಕೊಳ್ಳೋಣ. ನಿಮ್ಮ ಚಂದಾ ಅವರಿಗೆ ಹೋಗುವುದಿಲ್ಲ. ಅದು ಗುಡಿಯ ಹುಂಡಿಗೆ ಬಿದ್ದ ಕಾಸಿನಂತೆ ಎಲ್ಲರ ಚಂದಾದೊಡನೆ ಬೆರೆತು, ಸೇವೆಯ ಪಾಲು ಕಳೆದ ಮೇಲೆ, ಒಟ್ಟು ಕೇಳಿಕೆಯಲ್ಲಿ ಯಾರ ಭಾಗ ಎಷ್ಟೋ ಅಷ್ಟರ ಪ್ರಕಾರ ಹಂಚಿಕೆಯಾಗುತ್ತದೆ. ಇದರಲ್ಲಿ ಸಿಂಹಪಾಲು ಹೆಚ್ಚು ಜನ ಕೇಳುವ ಚಿತ್ರಗೀತೆಗಳ ಒಡೆಯರದು. 2024ರಿಂದ ಸ್ಪಾಟಿಫೈ ಇನ್ನೂ ಒಂದು ನಿಯಮ ತಂದಿದೆ: ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಟ್ರ್ಯಾಕ್‌ಗೆ ಆ ಧ್ವನಿಮುದ್ರಣದ ಬಾಬ್ತು ಏನೂ ಇಲ್ಲ. ಮೂರು ನಿಮಿಷದ ಹಾಡಿಗೂ ಐವತ್ತು ನಿಮಿಷದ ವಿಲಂಬಿತ್ ಖ್ಯಾಲಿಗೂ ಲೆಕ್ಕ ಒಂದೇ ‘ಸಲ’ ಎಂಬುದನ್ನು ಇದರೊಂದಿಗೆ ಸೇರಿಸಿ ನೋಡಿದರೆ, ರಾಗವಿಸ್ತಾರವನ್ನೇ ಬಂಡವಾಳ ಮಾಡಿಕೊಂಡ ಸಂಗೀತಕ್ಕೆ ಈ ವ್ಯವಸ್ಥೆಯಲ್ಲಿ ಏಕೆ ಜಾಗ ಕಡಿಮೆ ಎಂಬುದು ಅರ್ಥವಾಗುತ್ತದೆ.

ಬ್ಯಾಂಡ್‌ಕ್ಯಾಂಪ್‌ನ ಲೆಕ್ಕ ಸರಳವಾದದ್ದು. ಡಿಜಿಟಲ್ ಮಾರಾಟದಲ್ಲಿ ಅಂಗಡಿ ಶೇಕಡ 15ರಷ್ಟು ಕಡಿದುಕೊಳ್ಳುತ್ತದೆ, ಸಿ.ಡಿ., ಎಲ್‌.ಪಿ., ಅಂಗಿ ಮುಂತಾದ ವಸ್ತುಗಳಿಗೆ ಶೇಕಡ 10. ಪಾವತಿ ಶುಲ್ಕವನ್ನೂ ಕಳೆದ ಮೇಲೆ ಸರಾಸರಿ ಶೇಕಡ 82ರಷ್ಟು ಮಾರಿದವರಿಗೆ ಮುಟ್ಟುತ್ತದೆಂದು ಕಂಪನಿ ಹೇಳುತ್ತದೆ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 20ರಂದು, ತನ್ನ ಪಾಲನ್ನೇ ಬಿಟ್ಟುಕೊಡುವ ‘ಬ್ಯಾಂಡ್‌ಕ್ಯಾಂಪ್ ಶುಕ್ರವಾರ’ ಎಂಬ ದಿನವನ್ನು ಅದು ಶುರುಮಾಡಿತು. ಆಮೇಲೂ ವರ್ಷದಲ್ಲಿ ಕೆಲವು ಶುಕ್ರವಾರಗಳಂದು ಅದನ್ನು ಮುಂದುವರಿಸಿಕೊಂಡು ಬಂದಿದೆ. ಕೊಳ್ಳಬೇಕೆಂದಿರುವ ಆಲ್ಬಮ್‌ಗಳನ್ನು ಅಪೇಕ್ಷೆಯ ಪಟ್ಟಿಗೆ ಸೇರಿಸಿಟ್ಟುಕೊಂಡು ಅಂಥ ದಿನಕ್ಕೆ ಕಾಯುವುದು ಒಳ್ಳೆಯ ಅಭ್ಯಾಸ.

ಕೊಳ್ಳುವ ಕ್ರಮ ಹೀಗಿದೆ. ಪುಟದಲ್ಲಿ ಆಲ್ಬಮ್ಮನ್ನು ಪೂರ್ತಿ ಕೇಳಿ ನೋಡಬಹುದು; ಮತ್ತೆ ಮತ್ತೆ ಕೇಳಿದರೆ ಕೊಳ್ಳಿರೆಂದು ನಯವಾಗಿ ನೆನಪಿಸುತ್ತದೆ. ಬೆಲೆಯ ಚೌಕದಲ್ಲಿ ಮಾರುವವರು ಇಟ್ಟ ಕನಿಷ್ಠ ಮೊತ್ತ ಇರುತ್ತದೆ, ಇಷ್ಟವಿದ್ದರೆ ಅದಕ್ಕಿಂತ ಹೆಚ್ಚು ಬರೆಯಬಹುದು. ಹಣ ಸಂದ ಕೂಡಲೇ ಫೈಲಿನ ಬಗೆಯನ್ನು ಆರಿಸುವ ಪಟ್ಟಿ ತೆರೆದುಕೊಳ್ಳುತ್ತದೆ: ಎಂಪಿ3, ಫ್ಲ್ಯಾಕ್, ಎಎಸಿ, ಆಗ್, ವೇವ್ ಇತ್ಯಾದಿ. ಆರಿಸಿದ್ದು ಜಿಪ್ ಕಟ್ಟಿನಲ್ಲಿ ಇಳಿಯುತ್ತದೆ, ಬಿಚ್ಚಿದರೆ ಕಲಾವಿದರ ಹೆಸರು, ಆಲ್ಬಮ್, ಕ್ರಮಸಂಖ್ಯೆ, ಟ್ರ್ಯಾಕ್ ಎಂಬ ಅನುಕ್ರಮದಲ್ಲಿ ಅಚ್ಚುಕಟ್ಟಾಗಿ ಹೆಸರಿಟ್ಟ ಫೈಲ್‌ಗಳೂ ಮುಖಪುಟದ ಚಿತ್ರವೂ ಸಿಗುತ್ತವೆ. ಒಮ್ಮೆ ಎಂಪಿ3 ತೆಗೆದುಕೊಂಡವರು ಬೇಕಾದಾಗ ಖಾತೆಗೆ ಹೋಗಿ ಅದನ್ನೇ ಫ್ಲ್ಯಾಕ್‌ನಲ್ಲಿ ಮತ್ತೆ ಇಳಿಸಿಕೊಳ್ಳಬಹುದು, ಎರಡನೆಯ ಸಲ ಹಣ ಕೊಡಬೇಕಿಲ್ಲ. ಕೆಲವು ಲೇಬಲ್‌ಗಳವರು ಪಿಡಿಎಫ್ ಪುಸ್ತಿಕೆಯನ್ನೂ ಸೇರಿಸಿರುತ್ತಾರೆ. ಹಿಂದೆ ಎಲ್‌.ಪಿ.ಯ ಹಿಂಬದಿಯಲ್ಲಿ ಓದುತ್ತಿದ್ದ ವಿವರ, ಅಂದರೆ ತಬಲಾಕ್ಕೆ ಯಾರು, ಹಾರ್ಮೋನಿಯಮ್‌ಗೆ ಯಾರು, ಮುದ್ರಣ ಎಲ್ಲಿ ನಡೆಯಿತು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಚಂದಾ ಸೇವೆಗಳಲ್ಲಿ ಪಕ್ಕವಾದ್ಯದವರ ಹೆಸರು ಹುಡುಕಿ ಸೋತ ರಸಿಕರಿಗೆ ಇದರ ಬೆಲೆ ಗೊತ್ತು.

ಯಾವ ಬಗೆಯ ಫೈಲ್ ಕೊಳ್ಳಬೇಕೆಂಬ ಬಗ್ಗೆ ಒಂದೆರಡು ಮಾತು. ಸಿ.ಡಿ. ಗುಣಮಟ್ಟದ ಒಂದು ಗಂಟೆಯ ಧ್ವನಿ, ಒತ್ತಿ ಕಿರಿದುಮಾಡದೆ ಇಟ್ಟರೆ, ಸುಮಾರು 635 ಎಂಬಿ ಆಗುತ್ತದೆ. 320 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್; ಹೆಚ್ಚಿದ್ದಷ್ಟೂ ಧ್ವನಿ ಚೆನ್ನ) ಎಂಪಿ3 ಮಾಡಿದರೆ 144 ಎಂಬಿ. ಫ್ಲ್ಯಾಕ್ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ, ಮೂಲದ ಒಂದು ಕಣವನ್ನೂ ಬಿಡುವುದಿಲ್ಲ. ಒಳ್ಳೆಯ ಎಂಪಿ3ಗೂ ಫ್ಲ್ಯಾಕ್‌ಗೂ ಇರುವ ವ್ಯತ್ಯಾಸ ಸಾಮಾನ್ಯ ಹೆಡ್‌ಫೋನಿನಲ್ಲಿ ನನ್ನ ಕಿವಿಗೆ ತಿಳಿಯುವುದಿಲ್ಲ, ತಿಳಿಯುತ್ತದೆಂದು ಹೇಳುವವರೆಲ್ಲರನ್ನೂ ನಾನು ನಂಬುವುದೂ ಇಲ್ಲ. ಆದರೂ ಫ್ಲ್ಯಾಕ್ ಇಟ್ಟುಕೊಳ್ಳುವುದೇ ಜಾಣತನ, ಏಕೆಂದರೆ ನಾಳೆ ಯಾವ ಹೊಸ ಬಗೆ ಬಂದರೂ ಅದರಿಂದ ನಷ್ಟವಿಲ್ಲದೆ ಪರಿವರ್ತಿಸಿಕೊಳ್ಳಬಹುದು. ಕಾರಿಗೆಂದು ಪೆನ್‌ಡ್ರೈವ್‌ಗೆ ಹಾಕುವಾಗ ಮಾತ್ರ ಎಂಪಿ3 ಪ್ರತಿ ಮಾಡಿಕೊಳ್ಳಬೇಕಾದೀತು. ಹಳೆಯ ಕಾರು ಸ್ಟೀರಿಯೋಗಳಲ್ಲಿ ಹಲವಕ್ಕೆ ಫ್ಲ್ಯಾಕ್ ಓದಲು ಬರುವುದಿಲ್ಲ, ಕನ್ನಡದಲ್ಲಿ ಹೆಸರಿಟ್ಟ ಫೈಲ್ ಕಂಡರೆ ಅಕ್ಷರಗಳ ಜಾಗದಲ್ಲಿ ಸಾಲಾಗಿ ಚೌಕಗಳನ್ನು ತೋರಿಸುತ್ತವೆ.

ಅಂಗಡಿಯ ಕೊರತೆಗಳಲ್ಲಿ ಮೊದಲನೆಯದು ಅದರ ಸ್ವಂತ ಪ್ಲೇಯರ್. ಜಾಲತಾಣದಲ್ಲಿ ಕೇಳಿಸುವುದು 128 ಕೆಬಿಪಿಎಸ್‌ನ ಎಂಪಿ3. ಅದಕ್ಕಿಂತ ಕಿರಿಕಿರಿಯ ಸಂಗತಿಯೆಂದರೆ, ಒಂದು ಟ್ರ್ಯಾಕ್ ಮುಗಿದು ಮುಂದಿನದು ಬರುವಾಗ ಕ್ಷಣಕಾಲ ಸದ್ದಡಗುತ್ತದೆ. ಚಿತ್ರಗೀತೆಗೆ ಇದರಿಂದ ಬಾಧಕವಿಲ್ಲ. ಆದರೆ ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕ್‌ಗಳಾಗಿ ಕತ್ತರಿಸಿದ ಕಛೇರಿಯಲ್ಲಿ ತಂಬೂರಿಯ ಶ್ರುತಿ ತಟ್ಟನೆ ಕಡಿದು ಮತ್ತೆ ಹುಟ್ಟಿದರೆ ಕೂತು ಕೇಳುವ ಮನಸ್ಸೇ ಕದಡಿಹೋಗುತ್ತದೆ. ಫೈಲ್ ಇಳಿಸಿಕೊಂಡು ಫೂಬಾರ್‌ನಂಥ ಪ್ಲೇಯರ್‌ನಲ್ಲಿ ಹಾಕಿದರೆ ಈ ತೊಂದರೆಯಿಲ್ಲ. ಫೋನಿನಲ್ಲಿಯೂ ಅಷ್ಟೆ: ಆ್ಯಪ್‌ನಲ್ಲಿ ಕೊಂಡದ್ದನ್ನು ಕೇಳಬಹುದು, ಕೈಗೆ ಬರುವ ಫೈಲ್ ಬೇಕಾದರೆ ಬ್ರೌಸರ್ ಮೂಲಕವೇ ಹೋಗಬೇಕು.

ಭಾರತದಿಂದ ಹಣ ಕಟ್ಟುವುದು ಇನ್ನೊಂದು ತಾಪತ್ರಯ. ಯುಪಿಐ ಇಲ್ಲ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪ್‌ಗೆ ಹೋಗಿ ಚಾಲೂ ಮಾಡಿಕೊಳ್ಳಬೇಕು; ಬೆಲೆ ಡಾಲರ್, ಯೂರೋಗಳಲ್ಲಿದ್ದರೆ ಬ್ಯಾಂಕಿನವರು ವಿನಿಮಯದ ಮೇಲೊಂದಿಷ್ಟು ಸೇರಿಸುತ್ತಾರೆ. ಏಳು ಡಾಲರಿನ ಆಲ್ಬಮ್ ಆರುನೂರು ರೂಪಾಯಿಯ ಆಚೆಗೇ ಹೋಗುತ್ತದೆ. ಭಾರತೀಯ ಕಲಾವಿದರದ್ದನ್ನು ಭಾರತೀಯರೇ ಕೊಳ್ಳುವುದಂತೂ ಇನ್ನೂ ವಿಚಿತ್ರ ತೊಡಕು. ಮಾರಾಟಗಾರರಿಗೆ ಹಣ ತಲುಪುವುದು ಪೇಪಾಲ್ ಎಂಬ ಅಂತರಜಾಲ ಪಾವತಿ ಸೇವೆಯ ಮೂಲಕ, ಆ ಪೇಪಾಲ್ 2021ರ ಏಪ್ರಿಲ್ 1ರಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದೆ. ಹೀಗಾಗಿ ಬೆಂಗಳೂರಿನ ಬ್ಯಾಂಡಿನ ಆಲ್ಬಮ್ಮನ್ನು ಬರ್ಲಿನ್‌ನಲ್ಲಿ ಕುಳಿತವರು ಸಲೀಸಾಗಿ ಕೊಳ್ಳಬಹುದು, ಜಯನಗರದಲ್ಲಿ ಕುಳಿತವರು ಪರದಾಡಬೇಕು. ಅಮೆರಿಕ, ಯುರೋಪುಗಳಲ್ಲಿರುವ ಕನ್ನಡಿಗರಿಗೆ ಈ ಅಡ್ಡಿಯಿಲ್ಲ.

ಸರಕಿನ ವಿಷಯಕ್ಕೆ ಬಂದರೆ, ಧ್ರುಪದ, ರುದ್ರವೀಣೆಯ ಹಳೆಯ ಮುದ್ರಣಗಳನ್ನು ಶ್ರದ್ಧೆಯಿಂದ ಶುದ್ಧಗೊಳಿಸಿ ಬಿಡುಗಡೆ ಮಾಡುವ ಪರದೇಶದ ಪುಟ್ಟ ಲೇಬಲ್‌ಗಳು, 78 ಆರ್‌ಪಿಎಂ ತಟ್ಟೆಗಳ ಸಂಗ್ರಾಹಕರು, ನಮ್ಮ ನಗರಗಳ ಮೆಟಲ್ ಮತ್ತು ಎಲೆಕ್ಟ್ರಾನಿಕ್ ಸಂಗೀತದವರು ಇಲ್ಲಿ ಧಾರಾಳವಾಗಿ ಸಿಗುತ್ತಾರೆ. ಕನ್ನಡದ ದೊಡ್ಡ ಆಡಿಯೋ ಕಂಪನಿಗಳ ಭಂಡಾರ ಮಾತ್ರ ಇಲ್ಲಿಲ್ಲ. ಕ್ಯಾಸೆಟ್ ಕಾಲದಲ್ಲಿ ಊರೂರಿನ ಅಂಗಡಿಗಳಲ್ಲಿ ಮಾರಾಟವಾದ ಭಾವಗೀತೆ, ಜನಪದಗೀತೆ, ದಾಸರ ಪದಗಳ ಧ್ವನಿಸುರುಳಿಗಳ ಹಕ್ಕು ಆ ಕಂಪನಿಗಳ ಬಳಿಯೇ ಇದೆ. ಅವರು ಅವನ್ನು ಯೂಟ್ಯೂಬ್‌ಗೆ ಹಾಕುತ್ತಾರೆ, ಚಂದಾ ಸೇವೆಗಳಿಗೆ ಕೊಡುತ್ತಾರೆ, ಆದರೆ ಒಳ್ಳೆಯ ಗುಣಮಟ್ಟದ ಫೈಲನ್ನು ಕೇಳುಗರ ಕೈಗೆ ಮಾರುವ ಉತ್ಸಾಹ ತೋರುವುದಿಲ್ಲ. ಹಿಂದೆ ಮೂವತ್ತು, ನಲವತ್ತು ರೂಪಾಯಿ ಕೊಟ್ಟು ಕ್ಯಾಸೆಟ್ ಕೊಳ್ಳುತ್ತಿದ್ದ ಅದೇ ಜನ ಇಂದು ಇನ್ನೂರು ರೂಪಾಯಿ ಕೊಡಲು ಸಿದ್ಧರಿದ್ದರೂ ಕೊಳ್ಳಲು ಕೌಂಟರ್ ಇಲ್ಲ. 2012ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಬಂದ ಆ್ಯಪಲ್‌ನ ಐಟ್ಯೂನ್ಸ್ ಅಂಗಡಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತ್ತು, ಅದನ್ನು ನೆನೆಯುವವರು ಈಗ ಕಡಿಮೆ. ಉಳಿದದ್ದು ಹಳೆಯ ಸಿ.ಡಿ.ಗಳು. ಅವನ್ನು ಹುಡುಕಿ ತಂದು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಇಂದಿಗೂ ಕನ್ನಡ ಹಾಡುಗಳನ್ನು ಇಟ್ಟುಕೊಳ್ಳುವ ಅತ್ಯುತ್ತಮ ಮಾರ್ಗ, ಸಿ.ಡಿ. ಡ್ರೈವ್ ಇರುವ ಕಂಪ್ಯೂಟರ್ ಸಿಕ್ಕರೆ.

ಬ್ಯಾಂಡ್‌ಕ್ಯಾಂಪ್ ಕೂಡ ಒಂದು ಕಂಪನಿಯೇ ಎಂಬುದನ್ನು ಮರೆಯಬಾರದು. 2022ರ ಮಾರ್ಚ್‌ನಲ್ಲಿ ಅದನ್ನು ವಿಡಿಯೋ ಆಟಗಳ ಎಪಿಕ್ ಗೇಮ್ಸ್ ಕೊಂಡಿತು. ಒಂದೂವರೆ ವರ್ಷದಲ್ಲೇ ಸಾಂಗ್‌ಟ್ರೇಡರ್ ಎಂಬ ಕಂಪನಿಗೆ ಮಾರಿತು, ಆ ಹಸ್ತಾಂತರದಲ್ಲಿ ಸುಮಾರು ಅರ್ಧದಷ್ಟು ಸಿಬ್ಬಂದಿ ಕೆಲಸ ಕಳೆದುಕೊಂಡರು. ಖಾತೆಯಲ್ಲಿದೆ, ಬೇಕಾದಾಗ ಇಳಿಸಿಕೊಂಡರಾಯಿತು ಎಂದು ಬಿಡುವವರು ಮತ್ತೊಂದು ಬಗೆಯ ಬಾಡಿಗೆಯಲ್ಲೇ ಇರುತ್ತಾರೆ. ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿ ಹಣ ಕೊಟ್ಟು ಕೊಂಡವರಿಗೂ ತಮ್ಮ ಹಾಡುಗಳನ್ನು ಇಳಿಸಿಕೊಳ್ಳಲು 2021ರ ಫೆಬ್ರುವರಿ 24ರ ಗಡುವು ಇತ್ತು. ಅಲ್ಲದೆ ಫೈಲಿನ ಒಡೆತನ ಸಿ.ಡಿ.ಯ ಒಡೆತನದಷ್ಟು ಪೂರ್ಣವೂ ಅಲ್ಲ. ಕೇಳಿ ಬೇಸರವಾದ ಸಿ.ಡಿ.ಯನ್ನು ಮಾರಬಹುದು, ಯಾರಿಗಾದರೂ ಕೊಟ್ಟುಬಿಡಬಹುದು. ಕೊಂಡ ಡಿಜಿಟಲ್ ಹಾಡನ್ನು ಮರುಮಾರಾಟ ಮಾಡಿಸಲು ಹೊರಟ ರೀಡಿಜಿ ಎಂಬ ಸಂಸ್ಥೆಗೆ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಅವಕಾಶ ನಿರಾಕರಿಸಿತು.

ಖರ್ಚಿನ ದೃಷ್ಟಿಯಿಂದ, ಸ್ಪಾಟಿಫೈ ಭಾರತಕ್ಕೆ ಬಂದಾಗಿನ ತಿಂಗಳ 119 ರೂಪಾಯಿಯನ್ನೇ ಹಿಡಿದರೂ ವರ್ಷಕ್ಕೆ 1,428 ರೂಪಾಯಿ, ಹತ್ತು ವರ್ಷಕ್ಕೆ 14,280. ಒಂದು ವರ್ಷದ ಆ ಹಣಕ್ಕೆ ಬ್ಯಾಂಡ್‌ಕ್ಯಾಂಪ್‌ನಲ್ಲಿ ಎರಡೋ ಮೂರೋ ಆಲ್ಬಮ್ ಬಂದಾವು. ದಿನಕ್ಕೊಂದು ಹೊಸ ಹಾಡು ಬೇಕೆನ್ನುವವರಿಗೆ, ಮನೆಯಲ್ಲಿ ಮಕ್ಕಳು ಕೇಳುವುದು ಒಂದು, ಹಿರಿಯರು ಕೇಳುವುದು ಇನ್ನೊಂದು ಆಗಿರುವವರಿಗೆ ಚಂದಾ ಸೇವೆಯೇ ಲಾಭ. ಅವರಿಗೆ ಈ ಅಂಗಡಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ವರ್ಷಗಟ್ಟಲೆ ಅದೇ ಇಪ್ಪತ್ತು, ಮೂವತ್ತು ಧ್ವನಿಮುದ್ರಣಗಳಿಗೆ ಮರಳಿ ಮರಳಿ ಹೋಗುವ ಕೇಳುಗರು, ಆ ಸಂಗೀತ ಇಲ್ಲಿ ಸಿಗುವಂತಿದ್ದರೆ, ಚಂದಾ ನಿಲ್ಲಿಸಿ ಆ ಹಣವನ್ನು ಇತ್ತ ತಿರುಗಿಸುವುದು ಒಳಿತು. ಕೊಂಡ ದಿನವೇ ಫ್ಲ್ಯಾಕ್ ಇಳಿಸಿಕೊಳ್ಳಿ, ಕಂಪ್ಯೂಟರಿನಲ್ಲೊಂದು, ಬೇರೆ ಜಾಗದಲ್ಲಿರುವ ಹಾರ್ಡ್ ಡಿಸ್ಕ್‌ನಲ್ಲೊಂದು ಪ್ರತಿ ಇಡಿ. ಪೆನ್‌ಡ್ರೈವ್ ಒಂದನ್ನೇ ನೆಚ್ಚಿಕೊಳ್ಳಬೇಡಿ.